ಮಾಫಿ ಸಾಕ್ಷಿ ಮತ್ತು ರಕ್ತಸಾಕ್ಷಿ: ‘ಪೋಪರ ಪಿತೂರಿ’ಯ ಮೊಕದ್ದಮೆಗಳು, 1678–1681

ಸೆರೆಮನೆಯ ಸೇವೆಗೆ ಹೋಗಿಬಂದ ಗುರು ಅಭ್ಯರ್ಥಿಯೊಬ್ಬರು ನೈತಿಕ ದೇವಶಾಸ್ತ್ರದ ತರಗತಿಯಲ್ಲಿ ಒಮ್ಮೆ ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ವಿಚಾರಣಾಧೀನ ಕೈದಿಯಾಗಿದ್ದ ಯುವಕನೊಬ್ಬನು ಅವರನ್ನು ಕೇಳಿದ್ದನಂತೆ: “ಜೊತೆಗಿದ್ದವರ ಹೆಸರು ಹೇಳಿದರೆ ನನ್ನನ್ನು ಮಾಫಿ ಸಾಕ್ಷಿ ಮಾಡಿ ಬಿಡುತ್ತಾರಂತೆ ಬ್ರದರ್. ಹೇಳಿದರೆ ಪಾಪವೋ, ಹೇಳದಿದ್ದರೆ ಪಾಪವೋ?” ಸತ್ಯವನ್ನು ನುಡಿಯುವುದು ಪಾಪವಲ್ಲ ಎಂಬ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳುವ ಮೊದಲು ನಾವು ತಡೆದೆವು. ಸತ್ಯಕ್ಕೆ ಬೆಲೆ ಕಟ್ಟಿದಾಗ, ಅದೂ ಆ ಬೆಲೆ ಒಬ್ಬ ಮನುಷ್ಯನ ಪ್ರಾಣವೇ ಆಗಿರುವಾಗ, ಸತ್ಯಕ್ಕೆ ಏನಾಗುತ್ತದೆ ಎಂಬುದನ್ನು ಧರ್ಮಸಭೆಯ ಇತಿಹಾಸವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದೆ. ಆ ದಿನ ಕೊಡಲಾಗದ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಅಪರಾಧದಲ್ಲಿ ತಾನೂ ಪಾಲುದಾರನಾಗಿದ್ದು, ಕ್ಷಮಾದಾನದ ವಾಗ್ದಾನವನ್ನು ಪಡೆದು, ಉಳಿದ ಆರೋಪಿಗಳ ವಿರುದ್ಧ ಸಾಕ್ಷಿ ಹೇಳುವವನನ್ನು ನಾವು ಮಾಫಿ ಸಾಕ್ಷಿ ಎನ್ನುತ್ತೇವೆ. ಈ ಪದ್ಧತಿಯು ನಮ್ಮ ದೇಶದ ಕಾನೂನಿಗೆ ಇಂಗ್ಲೆಂಡಿನಿಂದ ಬಂದದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಅಪ್ರೂವರ್’ ಎಂದರೆ ತನ್ನ ಅಪರಾಧವನ್ನು ಒಪ್ಪಿಕೊಂಡು ಸಹಚರರನ್ನು ಹೆಸರಿಸಿದ ಕೈದಿ. ಅವನು ಹೆಸರಿಸಿದವರೊಡನೆ ದ್ವಂದ್ವಯುದ್ಧಕ್ಕೂ ಇಳಿಯಬೇಕಾಗಬಹುದಿತ್ತು. ಗೆದ್ದರೆ ಪ್ರಾಣ ಉಳಿಯುತ್ತಿತ್ತು, ಸೋತರೆ ನೇಣು. ದಿನಗಳೆದಂತೆ ಆ ಕ್ರೂರ ಪದ್ಧತಿ ಸವೆದುಹೋಯಿತು. 17ನೆಯ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್, ಇಂತಹ ಹತಾಶ ದುಷ್ಕರ್ಮಿಗಳ ಸುಳ್ಳು ದೂರುಗಳಿಂದ ಸಜ್ಜನರಿಗೆ ಆದ ಕೇಡು ಅವುಗಳಿಂದ ನಾಡಿಗೆ ಆದ ಲಾಭಕ್ಕಿಂತ ಹೆಚ್ಚು ಎಂದು ಬರೆದಿಟ್ಟರು. ಹೇಲ್ ತೀರಿಕೊಂಡದ್ದು 1676ರಲ್ಲಿ. ಅವರ ಮಾತಿನ ನಿಜವನ್ನು ಲಂಡನ್ ನಗರವು ಕಣ್ಣಾರೆ ಕಂಡದ್ದು ಅದಾದ ಎರಡೇ ವರ್ಷಗಳಲ್ಲಿ.

ಐದು ನೂರು ಪೌಂಡು ಮತ್ತು ಒಂದು ಕ್ಷಮಾಪತ್ರ

1678ರ ಇಂಗ್ಲೆಂಡು ಭಯದಲ್ಲಿ ಮುಳುಗಿತ್ತು. ರಾಜ ಎರಡನೆಯ ಚಾರ್ಲ್ಸನಿಗೆ ಧರ್ಮಪತ್ನಿಯಲ್ಲಿ ಸಂತಾನವಿರಲಿಲ್ಲ. ಉತ್ತರಾಧಿಕಾರಿಯಾಗಬೇಕಿದ್ದ ತಮ್ಮ ಜೇಮ್ಸ್ ಕಥೋಲಿಕನಾಗಿದ್ದ. ಹಾಗಾಗಿ ಕಥೋಲಿಕರು ರಾಜನನ್ನು ಕೊಲ್ಲಲು ಹೊಂಚು ಹಾಕಿದ್ದಾರೆಂಬ ಮಾತನ್ನು ನಂಬಲು ಜನ ಸಿದ್ಧರಿದ್ದರು. ಆ ಮಾತನ್ನು ಹುಟ್ಟುಹಾಕಿದವನು ಟೈಟಸ್ ಓಟ್ಸ್. ಆಂಗ್ಲಿಕನ್ ಪಾದ್ರಿಯಾಗಿದ್ದ ಈತ 1677ರಲ್ಲಿ ಕಥೋಲಿಕ ಸಭೆಯನ್ನು ಸೇರಿದಂತೆ ನಟಿಸಿ, ಸ್ಪೇನಿನ ವಲ್ಯಾಡೋಲಿಡ್ ಮತ್ತು ಸೇಂಟ್ ಓಮೆರ್ ವಿದ್ಯಾಲಯಗಳಲ್ಲಿ ಕೆಲಕಾಲವಿದ್ದು, ಎರಡೂ ಕಡೆಯಿಂದ ಹೊರದೂಡಲ್ಪಟ್ಟವನು. ಯೇಸುಸಭೆಯ ಗುರುಗಳು ರಾಜಹತ್ಯೆಗೆ ಸಂಚು ಹೂಡಿದ್ದಾರೆಂದು ಅವನು ಇಸ್ರೇಲ್ ಟಾಂಗ್ ಎಂಬ ಇನ್ನೊಬ್ಬ ಪಾದ್ರಿಯೊಡಗೂಡಿ ದೂರುಗಳ ದೊಡ್ಡ ಪಟ್ಟಿಯನ್ನೇ ಬರೆದು, ಸೆಪ್ಟೆಂಬರಿನಲ್ಲಿ ಎಡ್ಮಂಡ್ ಬೆರ್ರಿ ಗಾಡ್‌ಫ್ರೆ ಎಂಬ ಮ್ಯಾಜಿಸ್ಟ್ರೇಟರ ಮುಂದೆ ಅದಕ್ಕೆ ಪ್ರಮಾಣ ಮಾಡಿದ. ಅಕ್ಟೋಬರ್ 12ರಂದು ಗಾಡ್‌ಫ್ರೆ ಕಾಣೆಯಾದರು. 17ರಂದು ಪ್ರಿಮ್‌ರೋಸ್ ದಿಬ್ಬದಲ್ಲಿ ಅವರ ಶವ ದೊರೆಯಿತು. ಅವರನ್ನು ಕೊಂದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಅಂದಿನ ಲಂಡನ್ನಿಗೆ ಆ ವಿಷಯದಲ್ಲಿ ಸಂಶಯವೇ ಇರಲಿಲ್ಲ.

ಕೊಲೆಗಾರರನ್ನು ಹಿಡಿದುಕೊಟ್ಟವರಿಗೆ 500 ಪೌಂಡು ಬಹುಮಾನ ಮತ್ತು, ಕೊಲೆಯಲ್ಲಿ ಪಾಲ್ಗೊಂಡವನೇ ಮುಂದೆ ಬಂದರೆ, ಪೂರ್ಣ ಕ್ಷಮೆ ಎಂದು ರಾಜಘೋಷಣೆ ಹೊರಬಿತ್ತು. ಇಲ್ಲಿಂದ ಮುಂದಿನ ಕತೆಯೆಲ್ಲ ಈ ಒಂದು ಘೋಷಣೆಯಿಂದ ಹುಟ್ಟಿದ್ದು. ಬಹುಮಾನದ ಕರೆಗೆ ಓಗೊಟ್ಟು ಬಂದವನು ವಿಲಿಯಂ ಬೆಡ್ಲೋ. ವಂಚನೆಯನ್ನೇ ಕಸುಬು ಮಾಡಿಕೊಂಡು, ಹಲವು ಸೆರೆಮನೆಗಳ ಅನ್ನ ತಿಂದವನು. ಕ್ಷಮೆಯ ಕರೆಗೆ ಓಗೊಟ್ಟವನ ಕತೆ ಬೇರೆ. ಅವನು ತಾನಾಗಿ ಬರಲಿಲ್ಲ; ಅವನನ್ನು ತರಲಾಯಿತು.

ಮೈಲ್ಸ್ ಪ್ರಾನ್ಸ್ ಕಥೋಲಿಕನಾಗಿದ್ದ ಒಬ್ಬ ಬೆಳ್ಳಿ ಕೆಲಸಗಾರ. ರಾಣಿಯ ಪ್ರಾರ್ಥನಾಲಯಕ್ಕೂ ಕೆಲಸ ಮಾಡಿಕೊಟ್ಟಿದ್ದವನು. ಕೊಲೆಯ ಸುಮಾರಿಗೆ ಅವನು ಕೆಲವು ರಾತ್ರಿ ಮನೆಯಲ್ಲಿರಲಿಲ್ಲ ಎಂದು ಅವನ ಮನೆಯಲ್ಲಿ ಬಾಡಿಗೆಗಿದ್ದವನೇ ದೂರಿತ್ತನು. ಡಿಸೆಂಬರ್ 21ರಂದು ಅವನನ್ನು ಬಂಧಿಸಿದಾಗ, ಶವದ ಬಳಿ ತಾನು ನೋಡಿದವರಲ್ಲಿ ಇವನೂ ಒಬ್ಬನೆಂದು ಬೆಡ್ಲೋ ಗುರುತಿಸಿದ. ಪ್ರಾನ್ಸನನ್ನು ನ್ಯೂಗೇಟ್ ಸೆರೆಮನೆಗೆ ತಳ್ಳಲಾಯಿತು. ಕ್ರಿಸ್ತಜಯಂತಿಯ ಹೊತ್ತಿಗೆ ಅವನು ತಪ್ಪೊಪ್ಪಿಕೊಂಡು, ರಾಣಿಯ ನಿವಾಸವಾದ ಸಾಮರ್‌ಸೆಟ್ ಹೌಸ್‌ಗೆ ಸಂಬಂಧಿಸಿದ ಮೂವರು ಬಡ ಕೆಲಸದವರನ್ನು ಹೆಸರಿಸಿದ: ರಾಬರ್ಟ್ ಗ್ರೀನ್, ಹೆನ್ರಿ ಬೆರ್ರಿ, ಲಾರೆನ್ಸ್ ಹಿಲ್. ಆದರೆ ಕೆಲವೇ ದಿನಗಳಲ್ಲಿ ರಾಜನ ಮುಂದೆಯೇ ಮೊಣಕಾಲೂರಿ, ತಾನು ಹೇಳಿದ್ದೆಲ್ಲ ಸುಳ್ಳು, ಆ ಮೂವರೂ ನಿರಪರಾಧಿಗಳು, ತಾನೂ ನಿರಪರಾಧಿ ಎಂದು ಬೇಡಿಕೊಂಡ. ಅವನ ಜೀವಮಾನದ ಅತ್ಯಂತ ಪ್ರಾಮಾಣಿಕ ಗಳಿಗೆ ಬಹುಶಃ ಅದೇ ಇರಬೇಕು. ಅದಕ್ಕೆ ದೊರೆತ ಉತ್ತರವೆಂದರೆ ಮತ್ತೆ ನ್ಯೂಗೇಟ್, ಸಂಕೋಲೆ, ಚಳಿಗಾಲದ ಕತ್ತಲ ಕೋಣೆ.

ಮುಂದಿನದನ್ನು ಗುರುಗಳಾದ ನಾವು ವಿಶೇಷ ಗಮನವಿಟ್ಟು ಓದಬೇಕು. ಆ ಕೋಣೆಯಲ್ಲಿ ಪ್ರಾನ್ಸನನ್ನು ಕಾಣಲು ಹೋದವರಲ್ಲಿ ಒಬ್ಬರು ಪಾದ್ರಿ: ಗಾಡ್‌ಫ್ರೆಯ ಶವಸಂಸ್ಕಾರದಲ್ಲಿ ಪ್ರಬೋಧನೆ ನೀಡಿದ್ದ, ಬ್ಯಾಂಗರ್‌ನ ಡೀನ್ ವಿಲಿಯಂ ಲಾಯ್ಡ್. ಸಮಕಾಲೀನರಾದ ಗಿಲ್ಬರ್ಟ್ ಬರ್ನೆಟ್ ತಮ್ಮ ಇತಿಹಾಸದಲ್ಲಿ ದಾಖಲಿಸಿರುವಂತೆ, ಲಾಯ್ಡ್ ಹೋದಾಗ ಪ್ರಾನ್ಸ್ ಚಳಿಗೆ ಸೆಟೆದು ಅರೆಜೀವವಾಗಿದ್ದ. ಬೆಂಕಿಯ ಶಾಖ ಕೊಟ್ಟು ಚೇತರಿಸಿದ ಮೇಲೆ ಅವನು ಬಾಯಿ ಬಿಟ್ಟ. ಮೊದಲ ತಪ್ಪೊಪ್ಪಿಗೆಯೇ ನಿಜವೆಂದ. ಲಾಯ್ಡ್ ದುಷ್ಟರಾಗಿರಲಿಲ್ಲ. ವಿದ್ವಾಂಸರು, ಮುಂದೆ 1688ರಲ್ಲಿ ರಾಜಾಜ್ಞೆಯನ್ನು ಧಿಕ್ಕರಿಸಿ ಸೆರೆಮನೆ ಸೇರಿದ ಏಳು ಧರ್ಮಾಧ್ಯಕ್ಷರಲ್ಲಿ ಒಬ್ಬರು. ಚಳಿಯಲ್ಲಿ ಸಾಯುತ್ತಿದ್ದವನಿಗೆ ಬೆಂಕಿ ಹಚ್ಚಿಸಿದ್ದು ಕರುಣೆಯೇ. ಆದರೆ ಆ ಕರುಣೆಯ ಕೊನೆಯಲ್ಲಿ ಮೂವರ ಹೆಸರುಗಳಿದ್ದವು. ಬೆಂಕಿಯ ಬಳಿ ಕುಳಿತ ಕೈದಿಗೆ ಕರುಣೆ ಯಾವುದು, ವ್ಯವಹಾರ ಯಾವುದು ಎಂದು ಬೇರ್ಪಡಿಸಿ ಕಾಣುವ ಶಕ್ತಿ ಉಳಿದಿರಲಿಲ್ಲ. ಆ ವ್ಯತ್ಯಾಸವನ್ನು ಪಾದ್ರಿಯಾದರೂ ಕಾಣಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

1679ರ ಫೆಬ್ರವರಿ 10ರಂದು ಮೂವರ ವಿಚಾರಣೆ ನಡೆಯಿತು. ಪ್ರಾನ್ಸ್ ಸಾಕ್ಷಿ ಹೇಳಿದ, ಬೆಡ್ಲೋ ಬೆಂಬಲಿಸಿದ. ಇಬ್ಬರ ಹೇಳಿಕೆಗಳು ಸ್ಥಳ, ವ್ಯಕ್ತಿ, ರೀತಿ ಯಾವುದರಲ್ಲೂ ಸರಿಯಾಗಿ ಹೊಂದುತ್ತಿರಲಿಲ್ಲ. ಆದರೂ ಅದೇ ತಿಂಗಳಿನಲ್ಲಿ ಮೂವರನ್ನೂ ಗಲ್ಲಿಗೇರಿಸಲಾಯಿತು. ಅವರಲ್ಲಿ ಬೆರ್ರಿ ಕಥೋಲಿಕನೂ ಆಗಿರಲಿಲ್ಲ. ಏಳು ವರ್ಷಗಳ ನಂತರ, 1686ರಲ್ಲಿ, ಪ್ರಾನ್ಸ್ ತಾನು ಸುಳ್ಳು ಪ್ರಮಾಣ ಮಾಡಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಸುಳ್ಳುಸಾಕ್ಷಿಯಿಂದ ನೆರೆಯವನ ಹೆಸರನ್ನು ಕೆಡಿಸಿದವನು ಅದನ್ನು ಮರಳಿ ಕಟ್ಟಿಕೊಡಲು ಬದ್ಧನೆಂದು ನಮ್ಮ ನೈತಿಕ ದೇವಶಾಸ್ತ್ರವು ಕಲಿಸುತ್ತದೆ. ಪ್ರಾನ್ಸ್ ಕಟ್ಟಿಕೊಡಲು ಹೊರಟಾಗ ಪಡೆದುಕೊಳ್ಳುವವರು ಯಾರೂ ಬದುಕಿರಲಿಲ್ಲ.

ಇಬ್ಬರು ಸಾಕ್ಷಿಗಳೆಂಬ ಲೆಕ್ಕ

ರಾಜದ್ರೋಹದ ಆರೋಪಕ್ಕೆ ಇಬ್ಬರು ಸಾಕ್ಷಿಗಳು ಬೇಕೆಂಬುದು ಆಗಿನ ಇಂಗ್ಲಿಷ್ ಕಾನೂನು. ಇಬ್ಬರು ಅಥವಾ ಮೂವರ ಬಾಯಿಂದಲೇ ಮಾತು ಸ್ಥಿರಪಡಬೇಕೆಂಬ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದ ವಿಧಿಯ ನೆರಳು ಅದರಲ್ಲಿದೆ. ಆದರೆ ಅದೇ ಅಧ್ಯಾಯವು ಮುಂದುವರಿದು, ಸಾಕ್ಷಿಯನ್ನು ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕೆಂದೂ, ಸುಳ್ಳೆಂದು ಕಂಡರೆ ಆರೋಪಿಗೆ ಬರಬೇಕಿದ್ದ ಶಿಕ್ಷೆ ಸಾಕ್ಷಿಗೇ ಬರಬೇಕೆಂದೂ ಹೇಳುತ್ತದೆ. ಲಂಡನ್ನಿನ ನ್ಯಾಯಾಲಯ ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡಿತು. ಇಬ್ಬರೂ ಒಂದೇ ಕೃತ್ಯವನ್ನು ಕಂಡಿರಬೇಕಾಗಿಲ್ಲ, ಒಂದೇ ಸಂಚಿನ ಬೇರೆ ಬೇರೆ ಕೃತ್ಯಗಳಿಗೆ ಒಬ್ಬೊಬ್ಬರು ಸಾಕ್ಷಿಯಾದರೂ ಸಾಕು ಎಂದು ನ್ಯಾಯಾಧೀಶರು ಅರ್ಥೈಸಿದರು. ದಾನಿಯೇಲನು ಸುಸನ್ನಳ ಮೇಲೆ ದೂರಿತ್ತ ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ನಿಲ್ಲಿಸಿ ಯಾವ ಮರದಡಿ ಎಂದು ಕೇಳಿದ ಪ್ರಸಂಗವನ್ನು ನಾವು ತಪಸ್ಸುಕಾಲದಲ್ಲಿ ಪ್ರತಿವರ್ಷ ಓದುತ್ತೇವೆ. ಲಂಡನ್ನಿನ ಹೊಸ ಅರ್ಥವಿವರಣೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಇಬ್ಬರು ಎರಡು ಮರಗಳನ್ನು ಹೆಸರಿಸಿದರೆ ಎರಡು ಸಾಕ್ಷ್ಯಗಳಾಗುತ್ತಿದ್ದವು.

ಯೇಸುಸಭೆಯ ಪ್ರಾಂತಾಧಿಕಾರಿ ಥಾಮಸ್ ವಿಟ್‌ಬ್ರೆಡ್ ಮತ್ತು ಜಾನ್ ಫೆನ್ವಿಕ್ ಅವರನ್ನು 1678ರ ಡಿಸೆಂಬರಿನಲ್ಲಿ ಮೊದಲು ಕಟಕಟೆಗೆ ತಂದಾಗ ಅವರ ವಿರುದ್ಧ ಗಟ್ಟಿಯಾಗಿ ನುಡಿದವನು ಓಟ್ಸ್ ಒಬ್ಬನೇ. ಎರಡನೆಯ ಸಾಕ್ಷಿಯ ಕೊರತೆಯಾಯಿತು. ಬಿಡುಗಡೆ ಮಾಡುವ ಬದಲು ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಕ್ರಾಗ್ಸ್ ಅವರಿಬ್ಬರನ್ನು ಮರಳಿ ಸೆರೆಗೆ ಕಳಿಸಿದರು. 1679ರ ಜೂನ್ 13ರಂದು ವಿಲಿಯಂ ಹಾರ್ಕೋರ್ಟ್, ಜಾನ್ ಗ್ಯಾವನ್, ಆಂಥೋನಿ ಟರ್ನರ್ ಅವರೊಡನೆ ಅವರನ್ನು ಮತ್ತೆ ವಿಚಾರಣೆಗೆ ಒಳಪಡಿಸುವ ಹೊತ್ತಿಗೆ ಬೆಡ್ಲೋನ ನೆನಪು ಬಲಗೊಂಡಿತ್ತು. ಸಾಲದ್ದಕ್ಕೆ, ಸಾಲಕ್ಕೆ ಸಿಕ್ಕಿ ಸೆರೆ ಸೇರಿದ್ದ ಸ್ಟೀಫನ್ ಡಗ್‌ಡೇಲ್ ಎಂಬ ಜಮೀನ್ದಾರರ ಪಾರುಪತ್ಯಗಾರನೂ ಸಾಕ್ಷಿಯಾಗಿ ಸೇರಿಕೊಂಡಿದ್ದ. ಆರೋಪಿಗಳಿಗೆ ವಕೀಲರಿಲ್ಲ; ಅವರ ಪರ ಸಾಕ್ಷಿಗಳು ಪ್ರಮಾಣ ಮಾಡಿ ನುಡಿಯುವಂತಿಲ್ಲ. ಓಟ್ಸ್ ಲಂಡನ್ನಿನಲ್ಲಿದ್ದೆನೆಂದು ಹೇಳುವ ದಿನಗಳಲ್ಲಿ ತಮ್ಮೊಡನೆಯೇ ಇದ್ದನೆಂದು ಹೇಳಲು ಸೇಂಟ್ ಓಮೆರ್‌ನಿಂದ ಯುವಕರ ಒಂದು ಗುಂಪೇ ಕಡಲು ದಾಟಿ ಬಂದಿತ್ತು. ಅವರು ಕಥೋಲಿಕರು, ಸುಳ್ಳು ಹೇಳಲು ಅಪ್ಪಣೆ ಪಡೆದವರು ಎಂದು ಅವರ ಮಾತನ್ನು ತಳ್ಳಿಹಾಕಲಾಯಿತು. ಕ್ಷಮಾಪತ್ರ ಪಡೆದವನ ಮಾತಿಗೆ ಬೆಲೆ. ಏನನ್ನೂ ಪಡೆಯದೆ ಅಪಾಯವನ್ನೇ ಮೈಮೇಲೆ ಎಳೆದುಕೊಂಡ ಹುಡುಗರ ಮಾತಿಗೆ ಬೆಲೆಯಿಲ್ಲ.

ಜೂನ್ 20ರಂದು ಐವರನ್ನೂ ಟೈಬರ್ನ್ ವಧಾಸ್ಥಾನಕ್ಕೆ ಒಯ್ದರು. ಕುಣಿಕೆಗೆ ಕೊರಳೊಡ್ಡಿ ನಿಂತಿದ್ದಾಗ ಸವಾರನೊಬ್ಬ ರಾಜನ ಕ್ಷಮೆಯನ್ನು ಹೊತ್ತು ತಂದನೆಂದೂ, ಪಿತೂರಿ ಇದ್ದದ್ದು ನಿಜವೆಂದು ಒಪ್ಪಿ ತಿಳಿದದ್ದನ್ನು ಹೇಳಿದರೆ ಪ್ರಾಣ ಉಳಿಯುವುದೆಂಬ ಷರತ್ತು ಅದರಲ್ಲಿತ್ತೆಂದೂ ಅವರ ಮರಣದ ವೃತ್ತಾಂತಗಳು ತಿಳಿಸುತ್ತವೆ. ಐವರೂ ರಾಜನಿಗೆ ವಂದನೆ ಹೇಳಿ, ಇಲ್ಲದ್ದನ್ನು ಇದೆಯೆನ್ನಲು ಒಪ್ಪಲಿಲ್ಲ. ನಮ್ಮ ಭಾಷೆಯಲ್ಲಿ ಇಂತಹವರನ್ನು ರಕ್ತಸಾಕ್ಷಿಗಳು ಎನ್ನುತ್ತೇವೆ. ಗ್ರೀಕಿನಲ್ಲಿಯೂ ಸಾಕ್ಷಿ ಎಂಬ ಪದವೇ ಮುಂದೆ ಆ ಅರ್ಥಕ್ಕೆ ತಿರುಗಿತು. ಒಂದೇ ಗಲ್ಲುಗಂಬದ ಕೆಳಗೆ ಎರಡೂ ಬಗೆಯ ಸಾಕ್ಷಿಗೆ ಬಾಗಿಲು ತೆರೆದಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಮಾಫಿ ಸಾಕ್ಷಿಯಾಗಲು ಅವರಿಗೆ ಬೇಕಿದ್ದದ್ದು ಒಂದು ವಾಕ್ಯ ಮಾತ್ರ. 1929ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಈ ಐವರನ್ನೂ ಧನ್ಯರೆಂದು ಘೋಷಿಸಿದರು.

ಆರ್ಮಾದ ಮಹಾಧರ್ಮಾಧ್ಯಕ್ಷರು

ಸಂತ ಆಲಿವರ್ ಪ್ಲಂಕೆಟ್ ಅವರ ಮೊಕದ್ದಮೆಯಲ್ಲಿ ನೋವು ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಸಾಕ್ಷಿಗಳಾಗಿ ನಿಂತವರಲ್ಲಿ ಪ್ರಮುಖರು ಅವರದೇ ಗುರುಗಳು. 1625ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ರೋಮಿನಲ್ಲಿ ಓದಿ, ಅಲ್ಲಿಯೇ ದೇವಶಾಸ್ತ್ರದ ಅಧ್ಯಾಪಕರಾಗಿದ್ದ ಪ್ಲಂಕೆಟ್ 1669ರಲ್ಲಿ ಆರ್ಮಾದ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಹಿಂಸೆಯಿಂದ ಚದುರಿಹೋಗಿದ್ದ ಮೇತ್ರಾಸನದಲ್ಲಿ ಶಿಸ್ತು ತರುವುದು ಅವರ ಮೊದಲ ಕೆಲಸವಾಯಿತು. ಕುಡಿತಕ್ಕೆ ಬಿದ್ದ, ಕಳ್ಳರೊಡನೆ ಸೇರಿದ, ಅಧಿಕಾರಕ್ಕೆ ಬಗ್ಗದ ಗುರುಗಳನ್ನು ಅವರು ಕಟುವಾಗಿಯೇ ಶಿಕ್ಷಿಸಿದರು. ಶಿಕ್ಷೆಗೊಳಗಾದವರು ಅದನ್ನು ಮರೆಯಲಿಲ್ಲ.

1679ರ ಡಿಸೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಅವರ ಬಂಧನವಾಯಿತು. 1680ರ ಜುಲೈನಲ್ಲಿ ಡಂಡಾಕ್ ಊರಿನಲ್ಲಿ ವಿಚಾರಣೆ ನಿಗದಿಯಾದಾಗ ಸಾಕ್ಷಿಗಳು ಮುಂದೆ ಬಂದು ನಿಲ್ಲಲಿಲ್ಲ. ಆ ಊರಿನಲ್ಲಿ ಅವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ರೊಟೆಸ್ಟೆಂಟ್ ಪಂಚರ ಮುಂದೆಯೂ ಆ ಸಾಕ್ಷಿ ನಿಲ್ಲುವಂತಿರಲಿಲ್ಲ. ಆಗ ಮೊಕದ್ದಮೆಯನ್ನು ಯಾರಿಗೂ ಅವರ ಪರಿಚಯವಿಲ್ಲದ ಲಂಡನ್ನಿಗೆ ಸಾಗಿಸಲಾಯಿತು. ಸಾಕ್ಷಿಯ ಮಾತನ್ನು ತೂಗುವವರು ಸಾಕ್ಷಿಯ ಬದುಕನ್ನೂ ಬಲ್ಲವರಾಗಿರಬೇಕೆಂಬ ಹಳೆಯ ವಿವೇಕಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಫ್ರಾನ್ಸಿಸ್ಕನ್ ಸನ್ಯಾಸಿಗಳಾದ ಜಾನ್ ಮ್ಯಾಕ್‌ಮೋಯರ್ ಮತ್ತು ಹ್ಯೂ ಡಫಿ, ಪ್ಲಂಕೆಟರಿಂದ ಶಿಸ್ತುಕ್ರಮಕ್ಕೊಳಗಾಗಿದ್ದ ಗುರು ಎಡ್ಮಂಡ್ ಮರ್ಫಿ, ಅವರೊಡನೆ ಇನ್ನೂ ಕೆಲವರು ಲಂಡನ್ನಿಗೆ ಹೊರಟರು. ಅವರಲ್ಲಿ ಫ್ಲಾರೆನ್ಸ್ ಮ್ಯಾಕ್‌ಮೋಯರ್ ಎಂಬವನೊಬ್ಬನಿದ್ದ. ಅವನ ವಂಶದವರು ‘ಆರ್ಮಾದ ಗ್ರಂಥ’ದ ಪರಂಪರಾಗತ ಪಾಲಕರು. ಸಂತ ಪ್ಯಾಟ್ರಿಕರ ಬರಹವನ್ನೂ ಲತೀನ್ ಭಾಷೆಯ ಇಡೀ ಹೊಸ ಒಡಂಬಡಿಕೆಯನ್ನೂ ಒಳಗೊಂಡ, 9ನೆಯ ಶತಮಾನದ ಆರಂಭದ ಹಸ್ತಪ್ರತಿ ಅದು. ಪ್ಲಂಕೆಟರ ವಿರುದ್ಧ ಸಾಕ್ಷಿ ಹೇಳಲು ಲಂಡನ್ನಿಗೆ ಹೋಗುವ ಖರ್ಚಿಗಾಗಿ ಅವನು ಆ ಗ್ರಂಥವನ್ನು 5 ಪೌಂಡುಗಳಿಗೆ ಒತ್ತೆಯಿಟ್ಟನು. ಅದು ಅವನ ಕೈಗೆ ಮರಳಲಿಲ್ಲ. ಇಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ.

1681ರ ಜೂನ್ 8ರಂದು ಮುಖ್ಯ ನ್ಯಾಯಾಧೀಶ ಫ್ರಾನ್ಸಿಸ್ ಪೆಂಬರ್ಟನ್ ಅವರ ಮುಂದೆ ವಿಚಾರಣೆ ನಡೆಯಿತು. ಫ್ರೆಂಚ್ ಸೈನ್ಯವನ್ನು ಕಾರ್ಲಿಂಗ್‌ಫರ್ಡ್ ಬಂದರಿನಲ್ಲಿ ಇಳಿಸಲು ಪ್ಲಂಕೆಟ್ ಸಂಚು ಮಾಡಿದ್ದರು, ಅದಕ್ಕಾಗಿ ಗುರುಗಳಿಂದ ಹಣ ಎತ್ತಿದ್ದರು ಎಂಬುದು ಆರೋಪ. ತಮ್ಮ ಪರ ಸಾಕ್ಷಿಗಳನ್ನು ಐರ್ಲೆಂಡಿನಿಂದ ಕರೆಸಲು ಅವರಿಗೆ ಐದು ವಾರಗಳ ಅವಕಾಶ ಸಿಕ್ಕಿತ್ತು. ಎದುರುಗಾಳಿ, ರಹದಾರಿ ಪತ್ರಗಳ ತೊಡಕು ಇವುಗಳಿಂದ ಅವರು ತಲುಪಿರಲಿಲ್ಲ. ಇನ್ನಷ್ಟು ದಿನ ಕೇಳಿದ್ದಕ್ಕೆ ನ್ಯಾಯಾಲಯ ಒಪ್ಪಲಿಲ್ಲ. ಪಂಚರು ಕಾಲು ಗಂಟೆಯಲ್ಲಿ ತೀರ್ಪು ತಂದರು. ದೋಷಿ ಎಂಬ ಮಾತನ್ನು ಕೇಳಿ ಪ್ಲಂಕೆಟ್ ದೇವರಿಗೆ ವಂದನೆ ಎಂದರು.

ಶಿಕ್ಷೆ ವಿಧಿಸುವ ದಿನ ಅವರು ನ್ಯಾಯಾಲಯಕ್ಕೆ ತಿಳಿಸಿದ ಒಂದು ಸಂಗತಿ ನಮ್ಮ ವಿಷಯದ ತಿರುಳಾಗಿದೆ. ತಪ್ಪನ್ನು ಒಪ್ಪಿಕೊಂಡು ಇತರರನ್ನು ದೂರಿದರೆ ಪ್ರಾಣ ಉಳಿಸುವೆವೆಂದು ಹಲವರು ತಮ್ಮ ಬಳಿ ಬಂದಿದ್ದರೆಂದೂ, ಯಾರೊಬ್ಬರನ್ನೂ ಅನ್ಯಾಯವಾಗಿ ದೂರುವುದಕ್ಕಿಂತ ಹತ್ತು ಸಾವಿರ ಸಲ ಸಾಯುವುದು ತಮಗೆ ಲೇಸೆಂದೂ ಅವರು ಹೇಳಿದರು. ತಮ್ಮ ಮೇಲೆ ಸಾಕ್ಷಿ ಹೇಳಿದವರಿಗೆ ದೊರೆತ ಅದೇ ಬೆಲೆಪಟ್ಟಿಯನ್ನು ಅವರಿಗೂ ತೋರಿಸಲಾಗಿತ್ತು. ಸಂಚಿನಲ್ಲಿ ತಮ್ಮ ಪಾತ್ರವನ್ನು ಸುಳ್ಳಾಗಿ ಒಪ್ಪಿಕೊಳ್ಳುವುದೊಂದೇ ಆಗಿದ್ದರೆ, ದಣಿದ ಮನುಷ್ಯನೊಬ್ಬ ಬಹುಶಃ ಒಪ್ಪಿಬಿಡುತ್ತಿದ್ದನೇನೋ. ಆದರೆ ಕ್ಷಮೆಯ ಒಪ್ಪಂದಕ್ಕೆ ಸ್ವಂತ ಹೆಸರು ಸಾಲುವುದಿಲ್ಲ. ಇನ್ನೊಬ್ಬನ ಹೆಸರು ಬೇಕು. ಜುಲೈ 1ರಂದು, ಸಾಕ್ಷಿಗಳನ್ನು ಕ್ಷಮಿಸಿ, ಪ್ಲಂಕೆಟ್ ಟೈಬರ್ನ್‌ನಲ್ಲಿ ಮಡಿದರು. 1975ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ವೃದ್ಧಾಪ್ಯದಲ್ಲಿ ಡಫಿಯು ಆರ್ಮಾದ ಮಹಾಧರ್ಮಾಧ್ಯಕ್ಷರೊಬ್ಬರ ಬಳಿ ಬಂದು, ತನಗೆ ಶಾಂತಿಯೇ ಇಲ್ಲವೇ ಎಂದು ಅತ್ತನೆಂದೂ, ಅವರು ಅವನಿಗೆ ಪ್ಲಂಕೆಟರ ಶಿರಸ್ಸಿನ ಅವಶೇಷವನ್ನು ತೋರಿಸಿದರೆಂದೂ ಒಂದು ಐತಿಹ್ಯವಿದೆ. ಓಟ್ಸ್‌ನ ವಿಷಯ ಎರಡೇ ಮಾತಿನಲ್ಲಿ ಹೇಳಬಹುದು: 1685ರಲ್ಲಿ ಸುಳ್ಳು ಪ್ರಮಾಣಕ್ಕಾಗಿ ಚಾಟಿಯೇಟು ಮತ್ತು ಆಜೀವ ಸೆರೆ, 1688ರ ಕ್ರಾಂತಿಯ ನಂತರ ಬಿಡುಗಡೆ, ಮೇಲೆ ಪಿಂಚಣಿ.

ನಮ್ಮ ಮನೆಯೊಳಗಿನ ನ್ಯಾಯಪೀಠ

ಇಲ್ಲಿಗೆ ನಿಲ್ಲಿಸಿದರೆ ನಮ್ಮವರು ರಕ್ತಸಾಕ್ಷಿಗಳು, ಅವರವರು ಸುಳ್ಳುಸಾಕ್ಷಿಗಳು ಎಂಬ ಹಿತವಾದ ಕತೆಯಾಗುತ್ತದೆ. ಪ್ರಾಮಾಣಿಕ ಇತಿಹಾಸಕ್ಕೆ ಅದು ಸಾಲದು. ಪ್ಲಂಕೆಟ್ ಮಡಿದ ಅದೇ 1681ರ ಆಗಸ್ಟಿನಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು ಪೋರ್ಚುಗಲ್‌ನ ಇನ್‌ಕ್ವಿಸಿಷನ್ ನ್ಯಾಯಪೀಠಗಳನ್ನು ಮರಳಿ ಸ್ಥಾಪಿಸಿದರು. 1674ರಲ್ಲಿ ಹತ್ತನೆಯ ಕ್ಲೆಮೆಂಟರು ಅವುಗಳನ್ನು ತಡೆಹಿಡಿದಿದ್ದರು. ಅದಕ್ಕೆ ಕಾರಣರಾದವರಲ್ಲಿ ಒಬ್ಬರು, ಆ ಪೀಠದ ಸೆರೆಯನ್ನು ಸ್ವತಃ ಅನುಭವಿಸಿದ್ದ ಯೇಸುಸಭೆಯ ಗುರು ಆಂತೋನಿಯೊ ವಿಯೆರಾ. ಆಕ್ಷೇಪಣೆ ಏನಿತ್ತು? ಆರೋಪಿಗೆ ತನ್ನ ವಿರುದ್ಧ ನುಡಿದವರು ಯಾರೆಂದು ತಿಳಿಸುತ್ತಿರಲಿಲ್ಲ. ತಪ್ಪೊಪ್ಪಿಕೊಂಡವನು ‘ಸಹಚರ’ರನ್ನು ಹೆಸರಿಸದಿದ್ದರೆ ಅವನ ನಿವೇದನೆಯನ್ನು ಅಪೂರ್ಣವೆಂದು ಪರಿಗಣಿಸಲಾಗುತ್ತಿತ್ತು; ಅಪೂರ್ಣ ನಿವೇದನೆ ಮಾಡಿದವನನ್ನು ಲೌಕಿಕ ಅಧಿಕಾರಿಗಳಿಗೆ, ಎಂದರೆ ಸುಡುಗಂಬಕ್ಕೆ, ಒಪ್ಪಿಸಬಹುದಿತ್ತು. ನಿಜವಾಗಿ ಪಶ್ಚಾತ್ತಾಪಪಟ್ಟವನು ಇತರರನ್ನು ಮರೆಮಾಚುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ದೇವಶಾಸ್ತ್ರದ ಉಡುಗೆ ತೊಟ್ಟಿದ್ದರಿಂದಲೇ ಅದು ಲಂಡನ್ನಿನ ರಾಜಘೋಷಣೆಗಿಂತ ಹೆಚ್ಚು ಅಪಾಯಕಾರಿ ಎನ್ನಬೇಕು.

ಈ ಪೀಠದ ಒಂದು ಶಾಖೆ 1560ರಿಂದ ನಮ್ಮ ನೆರೆಯ ಗೋವೆಯಲ್ಲಿತ್ತು. ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಕೊನೆಗೊಂಡಿತು. ಅದರ ಸೆರೆಯಲ್ಲಿದ್ದು 1676ರ ಜನವರಿಯಲ್ಲಿ ಶಿಕ್ಷೆಗೊಳಗಾದ ಫ್ರೆಂಚ್ ವೈದ್ಯ ಶಾರ್ಲ್ ಡೆಲ್ಲೊನ್ ತನ್ನ ಅನುಭವವನ್ನು 1687ರಲ್ಲಿ ಪ್ರಕಟಿಸಿದ. ಅವನು ವಿವರಿಸುವ ವಿಷವರ್ತುಲ ಸರಳವಾದದ್ದು. ತನ್ನನ್ನು ದೂರಿದವರ ಹೆಸರು ತಿಳಿಯದ ಕೈದಿ ಪೂರ್ಣ ನಿವೇದನೆ ಮಾಡಿದನೆನಿಸಿಕೊಳ್ಳಲು ಊಹಿಸಿ ಊಹಿಸಿ ಹೆಸರುಗಳನ್ನು ಹೇಳಬೇಕು. ಗುರಿ ತಾಗುವವರೆಗೆ ಎಷ್ಟೋ ನಿರಪರಾಧಿಗಳ ಹೆಸರು ಬಾಯಿಂದ ಬಿದ್ದಿರುತ್ತದೆ. ನಾಳೆ ಅವರೂ ಅದೇ ಕೋಣೆಗೆ ಬರುತ್ತಾರೆ. ಗೋವೆಯಿಂದ ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕಥೋಲಿಕರ ವಲಸೆಗೆ ಕ್ಷಾಮ, ತೆರಿಗೆ, ಯುದ್ಧಗಳೊಡನೆ ಈ ಪೀಠದ ಭಯವನ್ನೂ ಇತಿಹಾಸಕಾರರು ಕಾರಣವಾಗಿ ಹೇಳುತ್ತಾರೆ. ಈ ಪತ್ರಿಕೆಯ ಓದುಗರಲ್ಲಿ ಅಂತಹ ಮನೆತನಗಳಿಂದ ಬಂದವರು ಇರಬಹುದು.

ಪಾಪನಿವೇದನೆಯ ಪೀಠದಲ್ಲಿ ಕೇಳಬಾರದ ಪ್ರಶ್ನೆ

ಬಾಹ್ಯ ನ್ಯಾಯಪೀಠದ ಈ ಅಭ್ಯಾಸವು ಕೊನೆಗೆ ಸಂಸ್ಕಾರದೊಳಗೂ ನುಸುಳಿತು. 18ನೆಯ ಶತಮಾನದ ಪೋರ್ಚುಗಲ್‌ನಲ್ಲಿ ಕೆಲವು ಗುರುಗಳು ಪಾಪನಿವೇದನೆಯ ಸಮಯದಲ್ಲಿ ಪಾಪದಲ್ಲಿ ಜೊತೆಯಾದವರ ಹೆಸರನ್ನು ಕೇಳುತ್ತಿದ್ದರು. ಹೇಳದಿದ್ದರೆ ಪಾಪಕ್ಷಮೆ ಕೊಡುವುದಿಲ್ಲವೆಂದು ಹೆದರಿಸುತ್ತಿದ್ದರು. ಅವರ ಉದ್ದೇಶ ಆ ಇನ್ನೊಬ್ಬನನ್ನು ತಿದ್ದುವುದಾಗಿತ್ತಂತೆ. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು 1745ರಲ್ಲಿ ಈ ಪದ್ಧತಿಯನ್ನು ಖಂಡಿಸಿದರು. 1746ರಲ್ಲಿ ಮತ್ತೆ ಎರಡು ಆಜ್ಞಾಪತ್ರಗಳನ್ನು ಹೊರಡಿಸಿ ಅದಕ್ಕೆ ಕಠಿಣ ದಂಡನೆಗಳನ್ನು ಗೊತ್ತುಪಡಿಸಿದರು. ಅದೇ ನಿಷೇಧವು 1917ರ ಧರ್ಮಸಭಾ ಕಾನೂನು ಸಂಹಿತೆಯ 888ನೆಯ ವಿಧಿಯಲ್ಲಿಯೂ, ಇಂದಿನ ಸಂಹಿತೆಯ 979ನೆಯ ವಿಧಿಯಲ್ಲಿಯೂ ಉಳಿದುಬಂದಿದೆ: ಗುರುವು ಪ್ರಶ್ನೆಗಳನ್ನು ವಿವೇಕದಿಂದ, ನಿವೇದಿಸುವವನ ವಯಸ್ಸು ಮತ್ತು ಸ್ಥಿತಿಯನ್ನು ಗಮನಿಸಿ ಕೇಳಬೇಕು, ಜೊತೆಗಾರನ ಹೆಸರನ್ನು ಕೇಳಬಾರದು. ಪಾಪನಿವೇದನೆಯ ತರಬೇತಿಯಲ್ಲಿ ನಾವು ಈ ವಿಧಿಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ. ಅದರ ಹಿಂದೆ ಎಷ್ಟು ಕತ್ತಲ ಕೋಣೆಗಳಿವೆ ಎಂದು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಧರ್ಮಸಭೆಯ ದಂಡಪ್ರಕ್ರಿಯೆಯಲ್ಲಿಯೂ ಆರೋಪಿಯು ಅಪರಾಧವನ್ನು ಒಪ್ಪಿಕೊಳ್ಳಲು ಬದ್ಧನಲ್ಲ, ಅವನಿಂದ ಪ್ರಮಾಣ ಮಾಡಿಸುವಂತಿಲ್ಲ ಎಂದು 1728ನೆಯ ವಿಧಿ ಹೇಳುತ್ತದೆ.

ರಾಷ್ಟ್ರದ ನ್ಯಾಯಾಲಯಕ್ಕೆ ಈ ನಿಯಮವನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಗುಟ್ಟಾಗಿ ನಡೆದ ಸಂಚನ್ನು ಒಳಗಿದ್ದವನ ಹೊರತು ಬೇರಾರೂ ಬಯಲು ಮಾಡಲಾರದ ಸಂದರ್ಭಗಳುಂಟು. ಕೊಲೆಯಾದವನ ಮನೆಯವರಿಗೂ ಸತ್ಯದ ಹಕ್ಕಿದೆ. ಹಾಗಾಗಿ ನಮ್ಮ ಕಾನೂನು ಮಾಫಿ ಸಾಕ್ಷಿಯನ್ನು ಉಳಿಸಿಕೊಂಡು ಅವನಿಗೆ ಬೇಲಿ ಹಾಕಿದೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 306ನೆಯ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 343ನೆಯ ಕಲಂ, ತಿಳಿದದ್ದನ್ನು ಪೂರ್ಣವಾಗಿ, ಸತ್ಯವಾಗಿ ಹೇಳಬೇಕೆಂಬ ಷರತ್ತಿನ ಮೇಲೆ ಮಾತ್ರ ಕ್ಷಮೆಯನ್ನು ನೀಡುತ್ತದೆ. ಸಹಾಪರಾಧಿಯ ಮಾತು ಮುಖ್ಯ ಅಂಶಗಳಲ್ಲಿ ಬೇರೆ ಆಧಾರದಿಂದ ದೃಢಪಡದಿದ್ದರೆ ನಂಬಿಕೆಗೆ ಅರ್ಹವಲ್ಲ ಎಂಬ ಎಚ್ಚರಿಕೆ 1872ರ ಸಾಕ್ಷ್ಯ ಅಧಿನಿಯಮದಿಂದಲೂ ನಡೆದುಬಂದಿದೆ. ಸರ್ವಣ್ ಸಿಂಗ್ ಪ್ರಕರಣದಲ್ಲಿ 1957ರಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ಒರೆಗಲ್ಲುಗಳನ್ನು ಗೊತ್ತುಮಾಡಿತು: ಮೊದಲು ಆ ಸಾಕ್ಷಿ ಸ್ವತಃ ನಂಬಲರ್ಹನಾಗಿರಬೇಕು, ಆಮೇಲೆ ಅವನ ಮಾತಿಗೆ ಬೆಂಬಲವಿರಬೇಕು. ಗಾಂಧೀಜಿಯವರ ಹತ್ಯೆಯ ಮೊಕದ್ದಮೆಯಲ್ಲಿ ದಿಗಂಬರ ಬಡ್ಗೆ ಮಾಫಿ ಸಾಕ್ಷಿಯಾಗಿದ್ದ. ಅವನ ಮಾತನ್ನು ನ್ಯಾಯಾಧೀಶ ಆತ್ಮಾಚರಣ್ ಬಹುಮಟ್ಟಿಗೆ ನಂಬಿದರು. ಆದರೂ ಬೇರೆ ಬೆಂಬಲವಿಲ್ಲದ ಅವನ ಮಾತೊಂದರ ಮೇಲೆ ವಿ. ದಾ. ಸಾವರ್ಕರರನ್ನು ಶಿಕ್ಷಿಸುವುದು ಸುರಕ್ಷಿತವಲ್ಲವೆಂದು 1949ರಲ್ಲಿ ಅವರನ್ನು ಬಿಡುಗಡೆ ಮಾಡಿದರು. ಆ ತೀರ್ಪಿನ ಫಲಿತಾಂಶದ ಬಗ್ಗೆ ಇಂದಿಗೂ ವಾದಗಳಿವೆ. ಆದರೆ ರಾಷ್ಟ್ರವೇ ದುಃಖದಿಂದ ಕುದಿಯುತ್ತಿದ್ದ ಹೊತ್ತಿನಲ್ಲಿ ಈ ನಿಯಮವನ್ನು ಪಾಲಿಸಲಾಯಿತು. 1679ರ ಲಂಡನ್ನಿನ ನ್ಯಾಯಾಧೀಶರಿಗೆ ಆಗದೇ ಹೋದದ್ದು ಇದೇ.

ಹಾಗಾದರೆ ಸೆರೆಮನೆಯ ಆ ಯುವಕನಿಗೆ ಏನು ಹೇಳಬೇಕು? ನಮ್ಮ ವಿದ್ಯಾರ್ಥಿಗೆ ನಾವು ಕೊನೆಗೆ ಹೇಳಿದ್ದು ಇಷ್ಟು. ಕಂಡದ್ದನ್ನು ಕಂಡಂತೆ ಹೇಳಿದರೆ ಅದು ಪಾಪವಲ್ಲ. ಕಾಣದ್ದನ್ನು ಕಂಡೆನೆಂದು ಹೇಳಿದರೆ, ಬಿಡುಗಡೆಯಾದ ಮೇಲೂ ಆ ಸಾಲ ತೀರುವುದಿಲ್ಲ. ನಿರ್ಧರಿಸುವ ಮೊದಲು ಅವನಿಗೆ ವಕೀಲರೊಬ್ಬರ ಸಲಹೆ ಬೇಕು. ಕಾನೂನು ನೆರವಿನ ವ್ಯವಸ್ಥೆ ಇರುವುದು ಅದಕ್ಕಾಗಿಯೇ. ಸೇವೆಗೆ ಹೋಗುವ ಗುರುವಾಗಲಿ ಗುರು ಅಭ್ಯರ್ಥಿಯಾಗಲಿ ಯಾವ ಅಧಿಕಾರಿಯ ಪರವಾಗಿಯೂ ಅವನ ಮನವೊಲಿಸಬಾರದು, ಅವನಿಂದ ಹೆಸರುಗಳನ್ನು ಕೇಳಿಸಿಕೊಳ್ಳಲೂ ಬಾರದು. ಲಾಯ್ಡ್ ಹಚ್ಚಿಸಿದ ಬೆಂಕಿಯ ಕತೆಯನ್ನೂ ಅವರಿಗೆ ಹೇಳಿದೆವು.

ಮುಂದಿನ ಭಾನುವಾರ ಅವರು ಮತ್ತೆ ಸೆರೆಮನೆಗೆ ಹೋದರು. ಹುಡುಗ ಪಕ್ಕಕ್ಕೆ ಕರೆದು, ಮೊದಲು ತನ್ನ ಕತೆಯನ್ನು ಹೇಳಿ, ಆಮೇಲೆ ದನಿ ತಗ್ಗಿಸಿ “ನನ್ನ ಜೊತೆಗಿದ್ದವರು ಯಾರೆಂದರೆ” ಎಂದು ಶುರುಮಾಡಿದನಂತೆ. ನಮ್ಮ ವಿದ್ಯಾರ್ಥಿ ಅವನ ಕೈ ಹಿಡಿದು, “ಅದು ಬೇಡ ತಮ್ಮಾ, ನಿನ್ನ ವಿಷಯ ಹೇಳು” ಎಂದರಂತೆ.